ಮೊದಲು ಘೆಟ್ಟೋ, ಆಮೇಲೆ ಕ್ಯಾಂಪ್: ಎಪ್ಪತ್ತು ದಾಟಿದ ಮಾವನ ಜೊತೆ ಪೋಲೆಂಡ್

ನಾಜಿಗಳು ಯಹೂದಿಗಳನ್ನು ಕೊಂದ ಔಶ್ವಿಟ್ಜ್ ಕ್ಯಾಂಪ್, ಉಪ್ಪಿನ ಗಣಿ ಎರಡೂ ಒಂದೇ ದಿನದಲ್ಲಿ ಅನ್ನೋ ಪ್ಯಾಕೇಜು ಕ್ರಾಕುವ್‌ನಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಜರ್ಮನಿಯಲ್ಲಿರುವ ನಮ್ಮ ಕನ್ನಡ ಬಳಗದವರಲ್ಲಿ ಮುಕ್ಕಾಲು ಪಾಲು ಜನ ನೋಡಿದ್ದು ಹಾಗೆಯೇ. ಮೊದಲ ಸಲ ನಾನೂ ಅದರಲ್ಲೇ ಹೋಗಿದ್ದೆ. ತಲೆಗೆ 400 ಝ್ಲೋಟಿ ಆಸುಪಾಸು, ನಮ್ಮ ದುಡ್ಡಲ್ಲಿ ಒಂಬತ್ತು ಸಾವಿರ ರೂಪಾಯಿ. ಅಷ್ಟು ಸುರಿದು, ಔಶ್ವಿಟ್ಜ್‌ನ ಎರಡನೇ ಭಾಗವಾದ ಬಿರ್ಕೆನೌದಲ್ಲಿ ಸಿಕ್ಕಿದ್ದು ಮುಕ್ಕಾಲು ಗಂಟೆ. ಮಧ್ಯಾಹ್ನ ಗಣಿಯೊಳಗೆ ಉಪ್ಪಿನ ದೀಪಗುಚ್ಛದ ಕೆಳಗೆ ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರು. ಬೆಳಗ್ಗೆ ನೋಡಿದ್ದೆಲ್ಲ ಒಂದಕ್ಕೊಂದು ಕಲಸಿಹೋಗಿತ್ತು.

ಹಾಗಾಗಿ ಹಾಸನದಿಂದ ಸೋದರಮಾವ ಬಂದಾಗ ನನ್ನದೇ ಕ್ರಮ ಹಾಕಿಕೊಂಡೆ. ದಿನಕ್ಕೆ ಒಂದೇ ಜಾಗ. ಮೊದಲು ಊರೊಳಗಿನ ಘೆಟ್ಟೋ, ಅಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಅದೂ ಕಾಲ್ನಡಿಗೆಯಲ್ಲಿ. ಕ್ಯಾಂಪ್ ಮಾರನೇ ದಿನ. ಕಾರು ಬಾಡಿಗೆ ಇಲ್ಲ, ಟ್ರಾಮು, ಬಸ್ಸು, ರೈಲು ಅಷ್ಟೇ. ಬಳಗದವರು ನಕ್ಕರು. "ವಯಸ್ಸಾದವರನ್ನು ಟ್ರಾಮಿನಲ್ಲಿ ಅಲೆಸ್ತೀಯಲ್ಲೋ, ಮೂರನೇ ದಿನ ಮಲಗಿಬಿಡ್ತಾರೆ ನೋಡು" ಅಂತ ಒಬ್ಬರು ಬರೆದೇ ಕೊಟ್ಟರು. ಮಾವ ಮಲಗಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ರಿಟೈರ್ ಆದ ಮೇಷ್ಟ್ರು ಅವರು, ನನಗಿಂತ ಮುಂದೆ ನಡೆಯುತ್ತಿದ್ದರು.

ಕ್ರಾಕುವ್‌ನ ಘೆಟ್ಟೋ ಇದ್ದದ್ದು ನದಿಯಾಚೆಯ ಪೊದ್ಗೂಝೆಯಲ್ಲಿ. 1941ರ ಮಾರ್ಚಿನಲ್ಲಿ, ಮೂರು ಸಾವಿರ ಜನ ವಾಸವಿದ್ದ ಬೀದಿಗಳಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ತುರುಕಿದರು. ಎಲ್ಲರೂ ಆ ಜನರ ನೆನಪಿಗೆ ಕಂಚಿನ ಕುರ್ಚಿಗಳನ್ನಿಟ್ಟಿರುವ ಚೌಕದಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ಅದೇ ಚೌಕದ ಮೂಲೆಯಲ್ಲಿರುವ 'ಹದ್ದಿನ ಔಷಧಿ ಅಂಗಡಿ' ಅನ್ನುವ ಮ್ಯೂಸಿಯಮ್ಮಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆಗ ಅದನ್ನು ನಡೆಸುತ್ತಿದ್ದ ತದೇವುಷ್ ಪಾಂಕಿಯೆವಿಚ್ ಯಹೂದಿಯಲ್ಲ. ಆದರೂ ಘೆಟ್ಟೋದೊಳಗೆ ಅಂಗಡಿ ಮುಚ್ಚದೆ ಉಳಿದುಕೊಂಡರು. ವಯಸ್ಸು ಮರೆಮಾಚಲು ಕೂದಲಿಗೆ ಬಣ್ಣ, ಅಡಗಿಸಿಟ್ಟ ಮಕ್ಕಳು ಅಳದಿರಲಿ ಅಂತ ನಿದ್ದೆಯ ಮದ್ದು, ಎಲ್ಲಾ ಇಲ್ಲಿಂದಲೇ ಹೋಗುತ್ತಿತ್ತು. ಮಾವ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಅಲ್ಲಿ ಹಾಗೆ ನೋಡಬಹುದು.

ಅಲ್ಲಿಂದ ಲ್ವೋವ್ಸ್ಕಾ ಬೀದಿಯಲ್ಲಿ ಉಳಿದಿರುವ ಘೆಟ್ಟೋ ಗೋಡೆಯ ತುಂಡಿಗೆ ಹೋದೆವು. ಗೋಡೆಯ ನೆತ್ತಿ ಸಾಲಾಗಿ ಕಮಾನು ಕಮಾನಾಗಿದೆ, ಯಹೂದಿ ಸಮಾಧಿಕಲ್ಲಿನ ಆಕಾರ. "ಬದುಕಿರೋವಾಗಲೇ ಸಮಾಧಿ ಕಟ್ಟಿದ್ದಾರಲ್ಲೋ" ಅಂದರು ಮಾವ. ಇನ್ನೊಂದು ತುಂಡು ಲಿಮನೋವ್ಸ್ಕಿಯೆಗೋ ಬೀದಿಯ ಶಾಲೆಯ ಹಿಂದೆ, ಮಕ್ಕಳ ಆಟದ ಜಾಗದ ಪಕ್ಕದಲ್ಲೇ ಇದೆ. ಕಾಲಿನಲ್ಲಿ ಶಕ್ತಿ ಇದ್ದರೆ ಹಾಗೇ ಪ್ವಾಶೂವ್ ಕ್ಯಾಂಪಿನ ಬಯಲಿಗೆ ನಡೆದುಹೋಗಿ. ಘೆಟ್ಟೋ ಖಾಲಿ ಮಾಡಿಸಿದ 1943ರ ಮಾರ್ಚಿನಲ್ಲಿ ಕೆಲಸಕ್ಕೆ ಆಗುವವರನ್ನು ಅಟ್ಟಿದ್ದು ಅಲ್ಲಿಗೇ. ಟಿಕೆಟ್ ಇಲ್ಲ, ಗೇಟಿಲ್ಲ.

ಔಶ್ವಿಟ್ಜ್ ಪಾಸಿನ ವಿಷಯದಲ್ಲೇ ನಾವು ಒದ್ದಾಡಿದ್ದು. ಪ್ರವೇಶ ಪುಕ್ಕಟೆ, ಆದರೆ ಆನ್‌ಲೈನ್ ಬುಕಿಂಗ್ ಕಡ್ಡಾಯ, ಹೆಸರು ಗುರುತಿನ ಚೀಟಿಗೆ ತಾಳೆಯಾಗಬೇಕು. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುತ್ತದಲ್ಲ! ಫಾರ್ಮು ಮುಂದಕ್ಕೇ ಹೋಗಲೊಲ್ಲದು. ಇನಿಷಿಯಲ್ ಹಾಕಿದೆ, ಒಪ್ಪಲಿಲ್ಲ. ಕೊನೆಗೆ ಎರಡೂ ಕಾಲಮ್ಮಿಗೆ ಒಂದೇ ಹೆಸರು ತುಂಬಿಸಿದೆ. ಗೇಟಿನಲ್ಲಿ ಹುಡುಗಿ ಎರಡು ಸಲ ತಿರುವಿ ನೋಡಿ ಒಳಗೆ ಬಿಟ್ಟಳು. ಗೈಡ್ ಇಲ್ಲದ ಪುಕ್ಕಟೆ ಪಾಸಿಗೆ ಆಸೆ ಪಡಬೇಡಿ, ಮೊದಲ ಸಲಕ್ಕೆ ಗೈಡ್ ಬೇಕೇ ಬೇಕು. ನೂರರ ಮೇಲೆ ಚಿಲ್ಲರೆ ಝ್ಲೋಟಿ ಆಗುತ್ತದೆ. ಎಲ್ಲಾ ಭರ್ತಿ ಅಂತ ತೋರಿಸುವ ಮೇ ತಿಂಗಳಲ್ಲಿ ನಾನು ಪಾಸ್ ಹಿಡಿದದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆದರೆ ಮುಂದಿನ ಸಲ ನನಗೇ ಸಿಗುವುದಿಲ್ಲ. ಅದನ್ನು ಬಿಡಿ.

ಒಂದು ಗುಟ್ಟು ಮಾತ್ರ ಕೊಡುತ್ತೇನೆ. ಮ್ಯೂಸಿಯಮ್ಮಿನಿಂದ ಬಿರ್ಕೆನೌಗೆ ಪುಕ್ಕಟೆ ಷಟಲ್ ಬಸ್ಸಿದೆ. ಹೋಗುವಾಗ ಗೈಡ್ ಜೊತೆ ಅದರಲ್ಲೇ ಹೋಗಿ, ಬರುವಾಗ ನಡೆದು ಬನ್ನಿ. ದಾರಿಯಲ್ಲಿ ಸ್ವಲ್ಪ ಒಳಕ್ಕೆ, ಮನೆಗಳ ಪಕ್ಕದಲ್ಲೇ ಹಳೆಯ ರ‍್ಯಾಂಪ್ ಇದೆ. ಹಳಿ, ಗೂಡ್ಸ್ ಬೋಗಿ, ಒಂದು ಫಲಕ, ಬೇರೇನಿಲ್ಲ. 1942ರಿಂದ 1944ರ ಮೇವರೆಗೆ ಯಹೂದಿಗಳ ರೈಲು ಬಂದು ನಿಲ್ಲುತ್ತಿದ್ದದ್ದು ಇಲ್ಲೇ. ಎಲ್ಲರೂ ಫೋಟೋ ತೆಗೆಯುವ ಬಿರ್ಕೆನೌ ಗೇಟಿನೊಳಗಿನ ಹಳಿ ಬಂದದ್ದು ಹಂಗೇರಿಯ ಯಹೂದಿಗಳನ್ನು ತರುವ ಹೊತ್ತಿಗೆ. ಎರಡು ತಿಂಗಳೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ತಂದರು. ನಾವು ಹೋದಾಗ ಹಳೇ ರ‍್ಯಾಂಪಿನಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಊಟದ ಚಿಂತೆ ಅನ್ನುವವರಿಗೆ: ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪಿಯೆರೋಗಿ ನಮ್ಮ ಕಡುಬಿನ ಹಾಗೇ ಇರುತ್ತದೆ, ಆದರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸಿ ಕೊಡುವುದುಂಟು, ಮೊದಲೇ ಬೇಡವೆನ್ನಿ. ಮಾವ ಅವಲಕ್ಕಿ, ಚಟ್ನಿಪುಡಿಯಲ್ಲೇ ಅರ್ಧ ದಾರಿ ಕಳೆದರು.

ಮುಂದಿನ ಕ್ಯಾಂಪ್ ಮೈದಾನೆಕ್, ಲುಬ್ಲಿನ್ ಊರಿಗೇ ಅಂಟಿಕೊಂಡಿದೆ. ಸಿಟಿ ಬಸ್ಸಿಗೆ ನಾಲ್ಕೈದು ಝ್ಲೋಟಿ, ಪ್ರವೇಶ ಪುಕ್ಕಟೆ, ಜನ ಕಡಿಮೆ. ನನ್ನನ್ನು ಕೇಳಿದರೆ ಔಶ್ವಿಟ್ಜ್‌ಗಿಂತ ಇದನ್ನೇ ಮುಂದಿಡುತ್ತೇನೆ. 1944ರ ಜುಲೈನಲ್ಲಿ ಸೋವಿಯತ್ ಸೇನೆ ಇದ್ದಕ್ಕಿದ್ದಂತೆ ಬಂದುಬಿಟ್ಟಿತು, ಕೆಡವಿಹಾಕಲು ನಾಜಿಗಳಿಗೆ ಪುರಸೊತ್ತಾಗಲಿಲ್ಲ, ಗ್ಯಾಸ್ ಚೇಂಬರುಗಳು ಹಾಗೇ ಉಳಿದವು. ಚಿತಾಗಾರದ ಹಿಂದಿನ ಕಂದಕಗಳ ಏರುತಗ್ಗು ಹುಲ್ಲಿನಲ್ಲಿ ಈಗಲೂ ಕಾಣುತ್ತದೆ. 1943ರ ನವೆಂಬರ್ 3ರಂದು ಒಂದೇ ದಿನ ಸುಮಾರು 18,000 ಯಹೂದಿಗಳನ್ನು ಅಲ್ಲಿ ಗುಂಡಿಕ್ಕಿ ಕೊಂದರು. ತಲೆಯೆತ್ತಿದರೆ ಆಚೆ ಕಡೆ ಅಪಾರ್ಟ್‌ಮೆಂಟುಗಳು. ಅವತ್ತು ಸಂಜೆ ಮಾವ ನನ್ನ ಹತ್ತಿರ ಮಾತೇ ಆಡಲಿಲ್ಲ, ಬೆಳಗ್ಗೆ ಎದ್ದು "ಮುಂದಿನದು ಯಾವುದಯ್ಯಾ" ಅಂದರು.

ಮುಂದಿನದು ವಾರ್ಸಾದಿಂದ ತ್ರೆಬ್ಲಿಂಕಾ, ಕೊಲ್ಲುವುದಕ್ಕೆಂದೇ ಕಟ್ಟಿದ್ದ ಕ್ಯಾಂಪ್. ಇಲ್ಲಿ ಮಾತ್ರ ಕಾರು ಬೇಡ ಅನ್ನುವ ನನ್ನ ನಿಯಮ ಮುರಿಯಿತು. ಮಾಲ್ಕಿನ್ಯಾವರೆಗೆ ರೈಲು, ಅಲ್ಲಿಂದ ಬಸ್ಸಿಲ್ಲ. ಟ್ಯಾಕ್ಸಿಯವನು ಕಾದು ವಾಪಸ್ ತಂದುಬಿಡಲು ಇನ್ನೂರರ ಮೇಲೆ ತೆಗೆದುಕೊಂಡ, ಚೌಕಾಸಿಗೆ ಬಗ್ಗಲಿಲ್ಲ. ನಾಜಿಗಳು ಇಲ್ಲಿ ಎಲ್ಲವನ್ನೂ ಕೆಡವಿ ಉತ್ತು ಬಿತ್ತಿಬಿಟ್ಟಿದ್ದರು. ಈಗಿರುವುದು ಸುಮಾರು 17,000 ಕಲ್ಲು. ಕೆಲವದರ ಮೇಲೆ ಊರಿನ ಹೆಸರಿದೆ, ವ್ಯಕ್ತಿಯ ಹೆಸರಿರುವುದು ಒಂದೇ ಕಲ್ಲಿಗೆ: ಯಾನುಷ್ ಕೋರ್ಚಾಕ್. ವಾರ್ಸಾ ಘೆಟ್ಟೋದ ಅನಾಥಾಲಯದ ಡಾಕ್ಟರು. ಅವರು 1942ರ ಜುಲೈನಲ್ಲಿ ಮಕ್ಕಳಿಂದ ಆಡಿಸಿದ ನಾಟಕ ರವೀಂದ್ರನಾಥ ಟಾಗೋರರ 'ಡಾಕ್‌ಘರ್'. ಕೆಲವೇ ವಾರಗಳಲ್ಲಿ ಮಕ್ಕಳೊಂದಿಗೆ ಅವರನ್ನೂ ಇಲ್ಲಿಗೆ ತಂದರು. ಸ್ಕೂಲಿನಲ್ಲಿ ಅದೇ ನಾಟಕವನ್ನು ಕನ್ನಡದಲ್ಲಿ ಆಡಿಸಿದವರು ನಮ್ಮ ಮಾವ. ಆ ಕಲ್ಲು ಹುಡುಕುವಷ್ಟರಲ್ಲಿ ಟ್ಯಾಕ್ಸಿಯವನು ಹಾರ್ನ್ ಹೊಡೆಯತೊಡಗಿದ್ದ. ಮಾವ ಕದಲಲಿಲ್ಲ, ಕಾಯುವ ದುಡ್ಡು ಇನ್ನೊಂದು ಮೂವತ್ತು ಬಿತ್ತು.

ರೂಮು, ರೈಲು, ಊಟ, ಗೈಡ್ ಎಲ್ಲಾ ಸೇರಿ ಇಬ್ಬರಿಗೆ ಎಂಬತ್ತು ಸಾವಿರ ರೂಪಾಯಿಯೊಳಗೆ ಮುಗಿಯಿತು. ಪ್ಯಾಕೇಜುಗಳನ್ನು ಜೋಡಿಸಿಕೊಂಡು ಹೋಗಿದ್ದರೆ ಒಂದೂವರೆ ಲಕ್ಷ ಆಗುತ್ತಿತ್ತು. ನಕ್ಕವರಲ್ಲಿ ಇಬ್ಬರು ಈಗ ಇದೇ ಕ್ರಮ ಕೇಳಿಕೊಂಡು ಹೊರಟಿದ್ದಾರೆ. ನನ್ನ ಮುಂದಿನ ಕಣ್ಣು ವುಚ್ (Łódź) ಊರಿನ ಘೆಟ್ಟೋ ಮತ್ತು ಅಲ್ಲಿನ ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದ ರಾದೆಗಾಸ್ಟ್ ನಿಲ್ದಾಣದ ಮೇಲೆ. ಅಲ್ಲಿಗೆ ಟ್ರಾಮಿನಲ್ಲಿ ಹೋಗಿ ಬಂದವರು ಇದ್ದರೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಹೇಳಿ.