'ಗೆಟ್' ನನ್ನ ಕೈಗೆ ಸಿಕ್ಕಿದ್ದು ಹೀಗೆ

ಕೆಲಸಕ್ಕೆ ಸೇರಿದ ಹೊಸತು. ಒಂದು ಬೆಳಿಗ್ಗೆ ಎರಡೇ ಸಾಲಿನ ಮೇಲ್ ಬಂತು. "ಐ ವಿಲ್ ಗೆಟ್ ಬ್ಯಾಕ್ ಟು ಯು ವೆನ್ ಐ ಗೆಟ್ ಇನ್. ಕುಡ್ ಯು ಗೆಟ್ ದೆಮ್ ಟು ಗೆಟ್ ಇಟ್ ಡನ್?"

ಅದರಲ್ಲಿ ಒಂದೂ ಕಷ್ಟದ ಪದ ಇರಲಿಲ್ಲ. ಆದರೂ ಯಾರು ಎಲ್ಲಿಗೆ ಬರುತ್ತಾರೆ, ಯಾರು ಏನು ಮಾಡಬೇಕು ಅನ್ನೋದು ನನಗೆ ಹೊಳೆಯಲಿಲ್ಲ. 'ಗೆಟ್' ಅಂದರೆ 'ಪಡೆ' ಅಂತ ಶಾಲೆಯಲ್ಲಿ ಕಲಿತಿದ್ದೆ. ಆ ಅರ್ಥವನ್ನು ನಾಲ್ಕೂ ಕಡೆ ಇಟ್ಟು ನೋಡಿದೆ, ಒಂದು ಕಡೆಯೂ ಕೂಡಿಬರಲಿಲ್ಲ. "ಓಕೆ" ಅಂತ ಉತ್ತರ ಕಳಿಸಿ ಸುಮ್ಮನಾದೆ. ಸಂಜೆ ಫೋನ್ ಬಂತು. ಕೆಲಸ ಮುಗಿಯಿತಾ ಅಂತ ಕೇಳಿದರು. ನನಗೆ ಒಪ್ಪಿಸಿದ್ದ ಕೆಲಸ ಅದು ಅಂತ ಗೊತ್ತಾಗಿದ್ದೇ ಆಗ.

ಆ ರಾತ್ರಿ ಡಿಕ್ಷನರಿ ತೆಗೆದು ಕೂತೆ. ಪಡೆ, ಸಿಗು, ತರು, ಕೊಳ್ಳು, ಆಗು, ತಲುಪು, ಅರ್ಥವಾಗು, ಒಪ್ಪಿಸು, ಹಿಡಿ... ಹೀಗೆ ಬರೆಯುತ್ತಾ ಹೋದೆ. ಎರಡು ಪುಟ ತುಂಬಿತು. ಒಂದು ವಾರ ಬಾಯಿಪಾಠ ಮಾಡಿದೆ. ಪಟ್ಟಿ ಪೂರ್ತಿ ನೆನಪಿತ್ತು, ಆದರೆ ಮಾತು ಕೇಳಿಸಿಕೊಳ್ಳುವಾಗ ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಎದುರಿನವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾನು ಪಟ್ಟಿಯ ಐದನೇ ಸಾಲಿನಲ್ಲಿ ಇರುತ್ತಿದ್ದೆ.

ಇಂಗ್ಲಿಷಿನಲ್ಲಿ ಇಂಥ ಚಿಕ್ಕ ಪದಗಳೇ ಜಾಸ್ತಿ ಭಾರ ಹೊರುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್' ಅನ್ನುವ ಮೂರಕ್ಷರದ ಪದಕ್ಕೆ. ಸುಮಾರು 430 ಅರ್ಥಗಳು. ಆಮೇಲೆ ಅದೇ ಡಿಕ್ಷನರಿಯವರು 'ರನ್' ಪದವನ್ನು ಹೊಸದಾಗಿ ಸಂಪಾದಿಸಿದಾಗ ಅದರ ಕ್ರಿಯಾಪದದ ಅರ್ಥಗಳೇ 645 ಆದವು. ಇಷ್ಟನ್ನು ಪಟ್ಟಿ ಮಾಡಿಕೊಂಡು ಕಲಿಯೋಕೆ ಯಾರಿಂದಲೂ ಆಗಲ್ಲ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೂ ಹಾಗೆ ಕಲಿತವರಲ್ಲ.

ನನಗೆ ದಾರಿ ತೋರಿಸಿದ್ದು ಇಂಗ್ಲಿಷ್ ಅಲ್ಲ, ಕನ್ನಡ. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರೊಬ್ಬರು ಆಗಷ್ಟೇ ಕನ್ನಡ ಕಲಿಯಲು ಶುರು ಮಾಡಿದ್ದರು. ಒಂದು ದಿನ ನೋಟ್‌ಬುಕ್ ಹಿಡಿದುಕೊಂಡು ಬಂದು ಕೇಳಿದರು. "ಬಾಗಿಲು ಹಾಕು ಅಂದ್ರೆ ಮುಚ್ಚು. ಲೈಟ್ ಹಾಕು ಅಂದ್ರೆ ಆನ್ ಮಾಡು. ಹಾಗಾದ್ರೆ ಹಾಕು ಅಂದ್ರೆ ಏನು?"

ಹೇಳಲು ಹೋದೆ, ಆಗಲಿಲ್ಲ. ಬಟ್ಟೆ ಹಾಕು, ಸಹಿ ಹಾಕು, ಲೆಕ್ಕ ಹಾಕು, ಅರ್ಜಿ ಹಾಕು, ಓಟು ಹಾಕು, ಕಣ್ಣೀರು ಹಾಕು. ಇವೆಲ್ಲಕ್ಕೂ ಹೊಂದುವ ಒಂದು ಅರ್ಥ ನನ್ನ ಹತ್ತಿರ ಇರಲಿಲ್ಲ. ಆದರೆ ನಾನು ಜೀವನದಲ್ಲಿ ಒಂದು ಸಲವೂ 'ಹಾಕು' ಬಳಸುವಾಗ ತಡವರಿಸಿದವನಲ್ಲ. ಯಾಕೆ? 'ಹಾಕು' ಅನ್ನು ನಾನು ಒಂಟಿಯಾಗಿ ಕಲಿತೇ ಇಲ್ಲ. 'ಬೀಗ' ಅಂದ ತಕ್ಷಣ 'ಹಾಕು' ತಾನಾಗಿ ಬರುತ್ತದೆ. ಅರ್ಥ ಇರುವುದು ಅದರ ಜೊತೆಗಾರನಲ್ಲಿ. ಅವರಿಗೆ ಅದನ್ನೇ ಹೇಳಿದೆ. ಹೇಳುತ್ತಿದ್ದ ಹಾಗೇ ನನ್ನ 'ಗೆಟ್' ಪಟ್ಟಿ ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನೋದೂ ತಿಳಿಯಿತು.

ಹಳೆಯ ಪಟ್ಟಿ ಬಿಟ್ಟೆ. ಹೊಸ ನೋಟ್‌ಬುಕ್ ತೆಗೆದುಕೊಂಡು ಒಂದೇ ನಿಯಮ ಇಟ್ಟುಕೊಂಡೆ. 'ಗೆಟ್' ಅಂದರೆ ಏನು ಅಂತ ಕೇಳಿಕೊಳ್ಳಬಾರದು. ಅದು ಆದ ಮೇಲೆ ಬರುವ ಪದ ಯಾವ ಜಾತಿಯದ್ದು ಅಂತ ನೋಡಬೇಕು. ವಸ್ತುವೋ, ಗುಣವೋ, ಜಾಗವೋ, ಇನ್ನೊಂದು ಕ್ರಿಯಾಪದವೋ, 'ಅಪ್', 'ಓವರ್' ಥರದ ಪುಟ್ಟ ಪದವೋ. ಒಂದೊಂದಕ್ಕೂ ಒಂದೊಂದು ಪುಟ. ಕೇಳಿದ ವಾಕ್ಯವನ್ನು ಇಡೀ ವಾಕ್ಯವಾಗಿಯೇ ಬರೆಯುತ್ತಿದ್ದೆ. ಪಕ್ಕದಲ್ಲಿ ನಾನು ಮನೆಯಲ್ಲಿ ಅದನ್ನು ಹೇಗೆ ಹೇಳುತ್ತೇನೋ ಹಾಗೆ ಕನ್ನಡ.

ವಸ್ತು ಬಂದರೆ ಸುಲಭ. "ಐ ಗಾಟ್ ಅ ಲೆಟರ್", ಪತ್ರ ಬಂತು. "ಐ ಗಾಟ್ ದ ಜಾಬ್", ಕೆಲಸ ಸಿಕ್ಕಿತು. "ಗೆಟ್ ಮಿ ಅ ಚೇರ್", ಒಂದು ಕುರ್ಚಿ ತಂದುಕೊಡು. ಫೋನ್ ಹೊಡೆದುಕೊಳ್ಳುವಾಗ "ಐ ವಿಲ್ ಗೆಟ್ ಇಟ್" ಅಂದರೆ ನಾನು ಎತ್ತುತ್ತೇನೆ.

ನಾನು ಜಾಸ್ತಿ ದಿನ ಕೂತದ್ದು ಗುಣದ ಪುಟದ ಮೇಲೆ. ಅಲ್ಲಿ ನನ್ನ ತಪ್ಪುಗಳೆಲ್ಲ ಒಂದೇ ಬೇರಿನಿಂದ ಬರುತ್ತಿದ್ದವು. ನಾನು "ಐ ಆಮ್ ಗೆಟಿಂಗ್ ಸ್ಲೀಪ್" ಅನ್ನುತ್ತಿದ್ದೆ. ನಮ್ಮಲ್ಲಿ ಬಹಳ ಜನ ಹೀಗೇ ಹೇಳುತ್ತಾರೆ. ಕನ್ನಡದಲ್ಲಿ "ನನಗೆ ನಿದ್ದೆ ಬರ್ತಿದೆ" ಅಂತೀವಿ ಅಲ್ವಾ, ಅದೇ ಇಂಗ್ಲಿಷಿಗೆ ಇಳಿಯುತ್ತದೆ. ಕನ್ನಡದಲ್ಲಿ ನಿದ್ದೆ, ಕೋಪ, ಹಸಿವು, ಬೇಜಾರು ಎಲ್ಲವೂ ನಾಮಪದ. ಅವು ಎಲ್ಲಿಂದಲೋ ನನ್ನ ಹತ್ತಿರ ಬರುತ್ತವೆ, 'ನನಗೆ' ಆಗುತ್ತವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಬದಲಾಗುವವನು ನಾನೇ. ನಾನು ಎಚ್ಚರದಿಂದ ನಿದ್ದೆಗಣ್ಣಿನ ಕಡೆ ಹೊರಟಿದ್ದೇನೆ. ಅದಕ್ಕೇ ಅಲ್ಲಿ ಗುಣವಾಚಕ ಬೇಕು. ಐ ಆಮ್ ಗೆಟಿಂಗ್ ಸ್ಲೀಪಿ. ಐ ಗಾಟ್ ಆಂಗ್ರಿ. ಐ ಆಮ್ ಗೆಟಿಂಗ್ ಹಂಗ್ರಿ. "ಇಟ್ ಈಸ್ ಗೆಟಿಂಗ್ ಡಾರ್ಕ್" ಅಂದರೆ ಕತ್ತಲಾಗುತ್ತಿದೆ.

ಈ ಒಂದು ವಿಷಯ ಮನಸ್ಸಿಗೆ ಹತ್ತಲು ನನಗೆ ತಿಂಗಳುಗಳೇ ಹಿಡಿದವು. ಆದರೆ ಹತ್ತಿದ ಮೇಲೆ ಹತ್ತಾರು ವಾಕ್ಯಗಳು ಒಟ್ಟಿಗೆ ಸರಿಯಾದವು. ಒಂದೇ ಒಂದು ಎಚ್ಚರ ಬೇಕು. "ಐ ಆಮ್ ಗೆಟಿಂಗ್ ಕೋಲ್ಡ್" ಅಂದರೆ ಚಳಿಯಾಗುತ್ತಿದೆ. ನಡುವೆ ಒಂದು 'ಅ' ಸೇರಿಸಿ "ಗೆಟಿಂಗ್ ಅ ಕೋಲ್ಡ್" ಅಂದರೆ ನೆಗಡಿ ಬರುತ್ತಿದೆ. ಆ ಪುಟ್ಟ 'ಅ' ಬಂದ ಕೂಡಲೇ ಗುಣ ಹೋಗಿ ವಸ್ತುವಾಯಿತು, ಪುಟವೂ ಬದಲಾಯಿತು.

ಜಾಗ ಬಂದರೆ ತಲುಪು, ಸೇರು. "ಗೆಟ್ ಹೋಮ್" ಅನ್ನುವಲ್ಲಿ 'ಟು' ಬೇಡ, "ಗೆಟ್ ಟು ದ ಸ್ಟೇಷನ್" ಅನ್ನುವಲ್ಲಿ ಬೇಕು. ಇಲ್ಲಿಯೂ ನನ್ನ ಒಂದು ಹಳೆಯ ಅಭ್ಯಾಸ ಬಿಡಿಸಬೇಕಾಯಿತು. ನಾನು "ಗೆಟ್ ಡೌನ್ ಫ್ರಮ್ ದ ಬಸ್" ಅನ್ನುತ್ತಿದ್ದೆ. ಕನ್ನಡದಲ್ಲಿ ಬಸ್ಸಿನಿಂದಲೂ ಇಳಿಯುತ್ತೇವೆ, ಕಾರಿನಿಂದಲೂ ಇಳಿಯುತ್ತೇವೆ. ಇಂಗ್ಲಿಷಿನಲ್ಲಿ ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ 'ಗೆಟ್ ಆನ್', 'ಗೆಟ್ ಆಫ್'. ಮೇಲೆ ಹತ್ತಿ ಕೂರುವ ಸೈಕಲ್ಲಿಗೂ, ಕುದುರೆಗೂ ಅದೇ. ಬಗ್ಗಿ ಒಳಗೆ ನುಗ್ಗಬೇಕಾದ ಕಾರಿಗೆ 'ಗೆಟ್ ಇನ್', 'ಗೆಟ್ ಔಟ್'. ನಿಲ್ಲೋದೋ ನುಗ್ಗೋದೋ ಅಂತ ಒಮ್ಮೆ ಕಣ್ಮುಂದೆ ತಂದುಕೊಂಡರೆ ಸಾಕು.

ಇನ್ನು ಆ ಮೇಲ್‌ನಲ್ಲಿದ್ದ "ಗೆಟ್ ಇಟ್ ಡನ್". ಇದರಷ್ಟು ಖುಷಿ ಕೊಟ್ಟ ಪುಟ ಇನ್ನೊಂದಿಲ್ಲ. ಕನ್ನಡದಲ್ಲಿ ಇದಕ್ಕೆ ಎರಡಕ್ಷರದ ಚಂದದ ಉಪಾಯ ಇದೆ. ಮಾಡು, ಮಾಡಿಸು. ಹೊಲಿ, ಹೊಲಿಸು. ಬರೆ, ಬರೆಸು. ಕೆಲಸ ಇನ್ನೊಬ್ಬರ ಕೈಲಿ ಆಯಿತು ಅನ್ನೋದನ್ನು ಆ 'ಇಸು' ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಅಂಥ ಬಾಲ ಇಲ್ಲ. ಆ ಕೆಲಸಕ್ಕೆ 'ಗೆಟ್' ಬರುತ್ತದೆ. ಗಾಡಿ ರಿಪೇರಿ ಮಾಡಿಸಿದೆ ಅನ್ನೋಕೆ "ಐ ಗಾಟ್ ದ ಬೈಕ್ ರಿಪೇರ್ಡ್". ನಾನು ಮೊದಲು "ಐ ಕಟ್ ಮೈ ಹೇರ್" ಅನ್ನುತ್ತಿದ್ದೆ. ಕೇಳಿದವರಿಗೆ ನಾನೇ ಕನ್ನಡಿ ಮುಂದೆ ಕತ್ತರಿ ಹಿಡಿದು ನಿಂತ ಹಾಗೆ ಅನ್ನಿಸುತ್ತದೆ. ಕಟಿಂಗ್ ಮಾಡಿಸಿಕೊಂಡೆ ಅಂದರೆ "ಐ ಗಾಟ್ ಮೈ ಹೇರ್ ಕಟ್".

ಯಾರ ಕೈಲಿ ಮಾಡಿಸಿದೆ ಅಂತ ಹೇಳಬೇಕಾದರೆ 'ಟು' ಬೇಕು. "ಐ ಗಾಟ್ ಹಿಮ್ ಟು ಸೈನ್", ಅವನ ಕೈಲಿ ಸಹಿ ಹಾಕಿಸಿದೆ. ಇದರಲ್ಲಿ ಸ್ವಲ್ಪ ಒಪ್ಪಿಸುವ ಶ್ರಮ ಇದೆ. "ಐ ಮೇಡ್ ಹಿಮ್ ಸೈನ್" ಅಂದರೆ ಬಲವಂತ. "ಐ ಹ್ಯಾಡ್ ಹಿಮ್ ಸೈನ್" ಅಂದರೆ ಹೇಳಿದೆ, ಆಯಿತು, ಅಷ್ಟೇ. ನಮ್ಮ 'ಹಾಕಿಸಿದೆ' ಈ ಮೂರನ್ನೂ ಒಂದೇ ಚೀಲದಲ್ಲಿ ಹೊರುತ್ತದೆ. ಅದಕ್ಕೇ ಕನ್ನಡದಿಂದ ಹೋಗುವವರಿಗೆ ಇವುಗಳ ನಡುವಿನ ಅಂತರ ಬೇಗ ಕಾಣುವುದಿಲ್ಲ. ಆಫೀಸಿನ ಮೇಲ್‌ನಲ್ಲಿ 'ಗೆಟ್' ಇರಬೇಕಾದ ಜಾಗದಲ್ಲಿ 'ಮೇಡ್' ಬರೆದರೆ ಓದಿದವರಿಗೆ ನೋವಾಗಬಹುದು.

ಇದೇ ಅಚ್ಚಿನಲ್ಲಿ ಒಂದು ದಿನ "ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದ ಡೋರ್" ಅಂತ ಕೇಳಿದೆ. ಬೆರಳನ್ನು ಬಾಗಿಲಿಗೆ ಸಿಕ್ಕಿಸಿಕೊಂಡೆ. ಅದೇ ಜೋಡಣೆ, ಆದರೆ ಇಲ್ಲಿ ಯಾರೂ ಏನೂ ಮಾಡಿಸಲಿಲ್ಲ, ಬೇಡವಾದದ್ದು ಆಗಿಹೋಯಿತು. ಮೊದಲು ಗೊಂದಲವಾಯಿತು. ಆಮೇಲೆ ನಮ್ಮದೇ ಮಾತು ನೆನಪಾಯಿತು. "ಬಟ್ಟೆ ಹೊಲಿಸಿಕೊಂಡೆ" ಅಂತಲೂ ಹೇಳುತ್ತೇವೆ, "ಬೈಸಿಕೊಂಡೆ" ಅಂತಲೂ ಹೇಳುತ್ತೇವೆ. ಎರಡೂ 'ಇಸಿಕೊಂಡೆ'. ಬೇಕಾಗಿ ಆಗಿದ್ದೋ ಬೇಡದೆ ಆಗಿದ್ದೋ ಅನ್ನೋದನ್ನು ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ.

'ಟು' ಬಗ್ಗೆ ಇನ್ನೊಂದು ಮಾತು. 'ಗೆಟ್' ಆದ ಕೂಡಲೇ 'ಟು' ಮತ್ತು ಕ್ರಿಯಾಪದ ಬಂದರೆ ಬಹಳ ಸಲ ಅದರ ಅರ್ಥ ಅವಕಾಶ ಸಿಕ್ಕಿತು ಅಂತ. "ವಿ ಗಾಟ್ ಟು ಸೀ ದ ಸೀ", ನಮಗೆ ಸಮುದ್ರ ನೋಡೋಕೆ ಸಿಕ್ಕಿತು. 'ಗೆಟ್ ಟು ನೋ' ಮಾತ್ರ ಬೇರೆ. ಯಾವುದೋ ಸುದ್ದಿ ತಿಳಿದಾಗ ನಾವು "ಐ ಗಾಟ್ ಟು ನೋ ದಟ್..." ಅಂತ ಶುರು ಮಾಡುತ್ತೇವೆ, 'ಗೊತ್ತಾಯ್ತು' ಅನ್ನುವ ಅರ್ಥದಲ್ಲಿ. ಹೊರಗಿನವರ ಕಿವಿಗೆ ಅದು ನಿಧಾನವಾಗಿ ಪರಿಚಯವಾಗುವುದು, ಒಬ್ಬರನ್ನು ಹತ್ತಿರದಿಂದ ಅರಿಯುವುದು. ಸುದ್ದಿ ತಿಳಿದರೆ "ಐ ಫೌಂಡ್ ಔಟ್" ಅಥವಾ "ಐ ಹರ್ಡ್". ಫೋನಿನಲ್ಲಿ ಹೇಳುವ "ಐ ಆಮ್ ನಾಟ್ ಗೆಟಿಂಗ್ ಯು" ಕೂಡ ಹೀಗೇ. ಅರ್ಥವಾಗು ಅನ್ನುವ 'ಗೆಟ್'ಗೆ ಅಲ್ಲಿ ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ. ವಿಷಯ ತಿಳಿಯದಿದ್ದರೆ "ಐ ಡೋಂಟ್ ಗೆಟ್ ಇಟ್", ದನಿ ಕೇಳಿಸದಿದ್ದರೆ "ಐ ಕಾಂಟ್ ಹಿಯರ್ ಯು".

ಪುಟ್ಟ ಪದಗಳ ಪುಟ ಇವತ್ತಿಗೂ ಬೆಳೆಯುತ್ತಲೇ ಇದೆ. ಅದಕ್ಕೆ ನಿಯಮ ಹುಡುಕುವುದನ್ನು ಬಿಟ್ಟಿದ್ದೇನೆ. ಒಂದೊಂದಕ್ಕೂ ಒಂದು ಚಿತ್ರ ಇಟ್ಟುಕೊಳ್ಳುತ್ತೇನೆ. 'ಗೆಟ್ ಓವರ್' ಅಂದರೆ ಗೋಡೆ ಹತ್ತಿ ಆಚೆ ಇಳಿದ ಹಾಗೆ, ಕಾಯಿಲೆ, ದುಃಖ ದಾಟಿ ಬರುವುದು. 'ಗೆಟ್ ಥ್ರೂ' ಅಂದರೆ ಸುರಂಗದ ಈ ತುದಿಯಿಂದ ಆ ತುದಿಗೆ, ಕಷ್ಟದ ದಿನ ಕಳೆಯುವುದು. 'ಗೆಟ್ ಬೈ' ಅಂದರೆ ಇಕ್ಕಟ್ಟಿನಲ್ಲಿ ಹೇಗೋ ಪಕ್ಕದಿಂದ ನುಸುಳಿದ ಹಾಗೆ, ಇದ್ದದ್ದರಲ್ಲಿ ಸುಧಾರಿಸಿಕೊಂಡು ಹೋಗುವುದು.

ಈ ಪದದ ಹುಟ್ಟು ಗೊತ್ತಾದ ಮೇಲೆ ಈ ಚಿತ್ರಗಳು ಇನ್ನೂ ಗಟ್ಟಿಯಾದವು. 'ಗೆಟ್' ಮೂಲದಲ್ಲಿ ಸ್ಕಾಂಡಿನೇವಿಯಾದ ಕಡೆಯ ಪದ. ಹಳೆಯ ನಾರ್ಸ್ ಭಾಷೆಯ 'ಗೆಟಾ'. ಆ ಕಡೆಯಿಂದ ಇಂಗ್ಲೆಂಡಿಗೆ ಬಂದು ನೆಲೆಸಿದವರ ಬಾಯಿಂದ ಇಂಗ್ಲಿಷಿಗೆ ಸೇರಿತು. 'ಟೇಕ್' ಕೂಡ ಅಲ್ಲಿಂದಲೇ ಬಂದದ್ದು. ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಇದ್ದ ಅದರ ನೆಂಟನೇ 'ಫರ್‌ಗೆಟ್' ಒಳಗೆ ಕೂತಿರುವುದು. ಹಿಡಿದದ್ದು ಕೈತಪ್ಪಿದರೆ ಮರೆವು. ಅಂದರೆ ಬೇರಿನಲ್ಲಿ ಇರುವುದು 'ಹಿಡಿ', 'ದಕ್ಕಿಸಿಕೋ'. ವಸ್ತು ದಕ್ಕಬಹುದು, ಊರು ದಕ್ಕಬಹುದು, ಒಂದು ಸ್ಥಿತಿ ದಕ್ಕಬಹುದು, ಮಾತಿನ ಅರ್ಥವೂ ದಕ್ಕಬಹುದು. 'ಹ್ಯಾವ್' ಜೊತೆ ಬರುವ 'ಗಾಟನ್' ಅನ್ನುವ ರೂಪವನ್ನು ಅಮೆರಿಕದವರು ಉಳಿಸಿಕೊಂಡಿದ್ದಾರೆ, ಬ್ರಿಟನ್ನಿನಲ್ಲಿ 'ಗಾಟ್' ಸಾಕು. ನೀವು ಯಾರ ಜೊತೆ ಜಾಸ್ತಿ ಮಾತಾಡುತ್ತೀರೋ ಅವರ ರೂಪ ಹಿಡಿಯಿರಿ.

ಬರವಣಿಗೆಯಲ್ಲಿ ನಾನು 'ಗೆಟ್' ಕಡಿಮೆ ಬಳಸುತ್ತೇನೆ. ಅರ್ಜಿಯಲ್ಲಿ, ವರದಿಯಲ್ಲಿ 'ರಿಸೀವ್', 'ಬಿಕಮ್', 'ಅರೈವ್' ಹೆಚ್ಚು ಹೊಂದುತ್ತವೆ. ಮಾತಿನಲ್ಲಿ ಅದೇ ಪದಗಳನ್ನು ಹಾಕಿದರೆ ಬಿಗಿಯಾಗಿ ಕೇಳಿಸುತ್ತದೆ. "ನನಗೆ ಆಯಾಸವು ಉಂಟಾಯಿತು" ಅಂತ ಮನೆಯಲ್ಲಿ ಯಾರೂ ಹೇಳಲ್ಲ, ಸುಸ್ತಾಯ್ತು ಅಂತೀವಿ. ಅಷ್ಟೇ ವ್ಯತ್ಯಾಸ.

ಆ ಹಳೆಯ ಮೇಲ್ ಇನ್ನೂ ಇಟ್ಟುಕೊಂಡಿದ್ದೇನೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದರ ಕನ್ನಡ ಇದೆ. "ಆಫೀಸಿಗೆ ಬಂದ ಮೇಲೆ ನಿಮಗೆ ಉತ್ತರ ಕೊಡುತ್ತೇನೆ. ಅವರ ಕೈಲಿ ಇದನ್ನು ಮಾಡಿಸ್ತೀರಾ?" ಇಂಗ್ಲಿಷಿನಲ್ಲಿದ್ದ ನಾಲ್ಕು 'ಗೆಟ್' ಇಲ್ಲಿ ಕಾಣುವುದೇ ಇಲ್ಲ. ಕೊನೆಯ ಎರಡು ಸೇರಿ ಒಂದು 'ಮಾಡಿಸು' ಆಗಿವೆ.

ಪಕ್ಕದ ಸೀಟಿನವರ ಜೊತೆ ಅಂದು ಶುರುವಾದ ವಿನಿಮಯ ಇನ್ನೂ ನಿಂತಿಲ್ಲ. ವಾರಕ್ಕೊಂದು ಪದ ಅವರದು, ಒಂದು ನನ್ನದು. ಅವರು 'ಹೊಡಿ' ಮುಗಿಸಿದ್ದಾರೆ. ಗೊರಕೆ ಹೊಡಿ, ಸುಣ್ಣ ಹೊಡಿ, ಹರಟೆ ಹೊಡಿ, ಕಾಪಿ ಹೊಡಿ, ಎಲ್ಲ ಅವರ ನೋಟ್‌ಬುಕ್ಕಿನಲ್ಲಿದೆ. ಈ ವಾರ ಅವರು 'ಬಿಡು' ತೆರೆದಿದ್ದಾರೆ, ನಾನು 'ಟೇಕ್'.