ಬೆಟ್ಟವನ್ನು ಬೆರಳಲ್ಲಿ ಮುಚ್ಚಿ ನೋಡಿದೆ

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿಯ ಕರಗುವ ಗಡಿಯಾರಗಳ ಚಿತ್ರದ ಬಗ್ಗೆ ನಾನು ಮೊದಲು ಬರೆದದ್ದು ನಾಲ್ಕು ಪುಟ. ಕಾಲ, ಕನಸು, ಸಾವು, ಮನೋವಿಜ್ಞಾನಿ ಫ್ರಾಯ್ಡ್, ಎಲ್ಲಾ ಇತ್ತು. ನನಗೆ ಚಿತ್ರ ಕಲಿಸಿದ ಮೇಷ್ಟ್ರು ಓದಿ, "ಗಡಿಯಾರದ ಕಥೆ ಆಯ್ತು ಮಾರಾಯ, ಚಿತ್ರ ಎಲ್ಲಿ?" ಅಂದರು. ನಾನು ಮಡಿಕೇರಿ ಹತ್ತಿರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಸಮತೋಲನ, ಲಯ, ಕಾಂಟ್ರಾಸ್ಟ್ ಅಂತ ದಿನಾ ಬೋರ್ಡಿನ ಮೇಲೆ ಬರೆಯುವವನು. ನಾಚಿಕೆ ಆಯಿತು.

ಎರಡನೇ ಸಲ ಅರ್ಥದ ಗೊಡವೆಗೇ ಹೋಗಲಿಲ್ಲ. ಆ ಗಡಿಯಾರಗಳ ಚಿತ್ರದ ಹೆಸರು 'ದಿ ಪರ್ಸಿಸ್ಟೆನ್ಸ್ ಆಫ್ ಮೆಮರಿ', 1931ರ ತೈಲಚಿತ್ರ, ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಅಳತೆ ಬರೀ 24 × 33 ಸೆಂ.ಮೀ. ಗೋಡೆಯಷ್ಟು ದೊಡ್ಡದು ಅಂದುಕೊಂಡಿದ್ದೆ. ಎ4 ಹಾಳೆಗಿಂತ ಎರಡೂ ಕಡೆ ಮೂರು ಸೆಂಟಿಮೀಟರ್ ಜಾಸ್ತಿ, ಅಷ್ಟೇ! ಜೆರಾಕ್ಸ್ ಅಂಗಡಿಯಲ್ಲಿ ಅದೇ ಅಳತೆಗೆ ಎರಡು ಪ್ರಿಂಟ್ ತೆಗೆಸಿದೆ. ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪು.

ಕಪ್ಪು ಬಿಳುಪಿನದ್ದನ್ನು ಮೊದಲು ಗೋಡೆಗೆ ಅಂಟಿಸಿ, ಕಣ್ಣು ಅರ್ಧ ಮುಚ್ಚಿ ನೋಡಿದೆ. ಗಡಿಯಾರಗಳ ಅಂಚು ಕರಗಿತು. ಉಳಿದದ್ದು ಎರಡೇ: ಕೆಳಗೆ ದೊಡ್ಡ ಕತ್ತಲು, ಮೇಲೆ ಬೆಳಕಿನ ಒಂದು ಪಟ್ಟಿ. ಇಷ್ಟು ವರ್ಷದಲ್ಲಿ ಇದು ಕಣ್ಣಿಗೆ ಬಿದ್ದೇ ಇರಲಿಲ್ಲ.

ಆಮೇಲೆ ಬೆರಳಿನ ಕೆಲಸ. ಚಿತ್ರದ ಭಾರವೆಲ್ಲ ಎಡಗಡೆ ಇದೆ. ಕಟ್ಟೆ, ಅದರಿಂದ ಎದ್ದ ಒಣಮರ, ನಾಲ್ಕರಲ್ಲಿ ಮೂರು ಗಡಿಯಾರ ಎಲ್ಲ ಅಲ್ಲೇ. ಬಲಗಡೆ ಮೇಲೆ ಬಿಸಿಲು ಬಿದ್ದ ಬಂಡೆಬೆಟ್ಟ ಒಂದೇ. ಅದನ್ನು ಹೆಬ್ಬೆರಳಿಂದ ಮುಚ್ಚಿದರೆ ಇಡೀ ಚಿತ್ರ ಎಡಕ್ಕೆ ವಾಲಿದ ಹಾಗೆ ಕಾಣುತ್ತದೆ. ಬೆರಳು ತೆಗೆದರೆ ಮತ್ತೆ ನಿಲ್ಲುತ್ತದೆ. ಸಮತೋಲನಕ್ಕೆ ಎರಡೂ ಕಡೆ ಒಂದೇ ಗಾತ್ರ ಬೇಕಿಲ್ಲ, ಬೆಳಕೂ ತೂಗುತ್ತದೆ ಅಂತ ನನಗೆ ಗಟ್ಟಿಯಾದದ್ದು ಆಗಲೇ.

ಆ ಬೆಟ್ಟ ಮಾತ್ರ ನನ್ನನ್ನು ಕಾಡಿತು. ಅದು ಡಾಲಿಯ ಊರಕಡೆಯ ಕ್ಯಾಟಲೋನಿಯಾ ಕಡಲತೀರದ್ದು. ನಮ್ಮ ಕೊಡಗಿನಲ್ಲಿ ದೂರದ ಬೆಟ್ಟ ಅಂದರೆ ನೀಲಿ, ಮಸುಕು. ಜುಲೈನಲ್ಲಿ ರಾಜಾಸೀಟಿಗೆ ಹೋದರೆ ಕಂಬಿಯಾಚೆ ಬರೀ ಮಂಜು. ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ, ದೂರದ್ದನ್ನು ತಿಳಿಯಾಗಿ ಬಳಿ ಅಂತ. ಡಾಲಿ ಉಲ್ಟಾ ಮಾಡಿದ್ದಾನೆ. ಹತ್ತಿರದ್ದು ನೆರಳಲ್ಲಿ, ದೂರದ್ದು ಕೊರೆದಿಟ್ಟಷ್ಟು ಸ್ಪಷ್ಟ. ಮೆತ್ತಗಾದ ಗಡಿಯಾರಕ್ಕಿಂತ ಜಾಸ್ತಿ ಕನಸಿನ ಹಾಗೆ ಅನ್ನಿಸುವುದು ನನಗೆ ಇದೇ. ಉಳಿದದ್ದೆಲ್ಲ ನಮ್ಮ ಬೋರ್ಡಿನ ಮೇಲಿನ ಪಾಠವೇ, ಅಚ್ಚುಕಟ್ಟು.

ಉದಾಹರಣೆಗೆ ಪುನರಾವರ್ತನೆ. ಮೆತ್ತಗಿನ ಗಡಿಯಾರ ಮೂರು. ಅವುಗಳ ನೀಲಿಯೇ ಮೇಲೆ ಕಡಲು, ಆಕಾಶದಲ್ಲೂ ಬರುತ್ತದೆ. ನಾಲ್ಕನೆಯದು ಗಟ್ಟಿ, ಕಿತ್ತಳೆ ಬಣ್ಣ, ಬೋರಲು ಬಿದ್ದಿದೆ, ಮೇಲೆ ಇರುವೆ ಮುತ್ತಿದೆ. ಬಣ್ಣದ ಪ್ರಿಂಟಿನಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕಪ್ಪು ಬಿಳುಪಿನಲ್ಲಿ ಅದು ಅಷ್ಟು ಕರೆಯುವುದಿಲ್ಲ. ಅಂದರೆ ಅಲ್ಲಿ ಕೆಲಸ ಮಾಡಿದ್ದು ಬಣ್ಣ, ಬೆಳಕಲ್ಲ. ಬಟರ್ ಪೇಪರ್ ಇಟ್ಟು ಕಣ್ಣು ಓಡುವ ದಾರಿ ಎಳೆದೆ: ಕಿತ್ತಳೆಯಿಂದ ಕಟ್ಟೆಯಂಚಿನ ಗಡಿಯಾರ, ಅಲ್ಲಿಂದ ಮರದ ಕೊಂಬೆ, ಕೊಂಬೆ ತೋರಿಸುವುದು ಬಲಕ್ಕೆ.

ಕೊಂಬೆಗೆ ನೇತುಬಿದ್ದ ಮೆತ್ತಗಿನ ಗಡಿಯಾರ ನೋಡಿ ಮನೆಯಲ್ಲಿ ಮಗಳು, "ಅಕ್ಕಿ ಒಟ್ಟಿ ಒಣಗಲು ಹಾಕಿದಾರಾ ಅಪ್ಪ?" ಅಂದಳು. ಅಕ್ಕಿ ಒಟ್ಟಿ ಅಂದರೆ ನಮ್ಮ ಕೊಡಗಿನ ಅಕ್ಕಿ ರೊಟ್ಟಿ. ಈ ಗಡಿಯಾರಗಳು ಹೊಳೆದದ್ದು ಕರಗುತ್ತಿದ್ದ ಕ್ಯಾಮೆಂಬೆರ್ ಚೀಸ್ ನೋಡಿ ಅಂತ ಡಾಲಿಯೇ ಹೇಳಿಕೊಂಡಿದ್ದಾನೆ. ಅವಳು ಹೇಳಿದ್ದು ತೀರಾ ದೂರವೇನಲ್ಲ, ಅಲ್ವಾ?

ಈ ಸಲ ಬರೆದದ್ದು ಒಂದೂವರೆ ಪುಟ. ಮೇಷ್ಟ್ರು ಓದಿ ಏನೂ ಹೇಳಲಿಲ್ಲ. ಪ್ರಿಂಟ್ ಕೇಳಿ ಇಸಿದುಕೊಂಡು, ಹೆಬ್ಬೆರಳನ್ನು ಬೆಟ್ಟದ ಮೇಲಿಟ್ಟು ತೆಗೆದರು. ಮತ್ತೆ ಇಟ್ಟರು.