ಕೋಶವನ್ನು ಕೆಣಕದೆ ನೋಡುವುದು: ನನ್ನ ಅನುಭವ

ಫಾರ್ಮಾಲ್ಡಿಹೈಡ್ ಹಾಕಿ ಫಿಕ್ಸ್ ಮಾಡಿದ, ಅಂದರೆ ಸಾಯಿಸಿ ಇದ್ದ ಹಾಗೇ ಹಿಡಿದಿಟ್ಟ ಕೋಶದ ಫೋಟೊ ತೆಗೆಯಲು ಆತುರವೇ ಬೇಕಿಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ. ಲೇಸರ್ ಜಾಸ್ತಿ ಮಾಡಿ, ಅದೇ ಜಾಗವನ್ನು ಹತ್ತು ಸಲ ಸ್ಕ್ಯಾನ್ ಮಾಡಿ, ಬಣ್ಣ ಸ್ವಲ್ಪ ಮಾಸೀತು, ಅಷ್ಟೇ. ಬದುಕಿರುವ ಕೋಶದ ಕಥೆ ಬೇರೆ. ಅದು ಮೈಕ್ರೋಸ್ಕೋಪಿನ ಮೇಲೂ ಬದುಕಿರಬೇಕು. ಅದಕ್ಕಿಂತ ಮುಖ್ಯವಾಗಿ, ನಾವು ನೋಡುತ್ತಿದ್ದೇವೆ ಅನ್ನುವ ಕಾರಣಕ್ಕೆ ಅದರ ನಡವಳಿಕೆ ಬದಲಾಗಬಾರದು. ಮೊದಲನೆಯದನ್ನು ಸಲಕರಣೆ ನೋಡಿಕೊಳ್ಳುತ್ತದೆ. ಎರಡನೆಯದನ್ನು ನಾವೇ ನೋಡಿಕೊಳ್ಳಬೇಕು.

ನಾನು ನೋಡಲು ಹೊರಟಿದ್ದು ಇಷ್ಟು: ಕೋಶ ಎರಡಾಗುವಾಗ ಅದರ ಮೈಟೋಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಒಳಭಾಗಗಳು) ಹೇಗೆ ಹಂಚಿಕೆಯಾಗುತ್ತವೆ? ಆರಿಸಿಕೊಂಡಿದ್ದು ಹೀಲಾ ಕೋಶ, ಲ್ಯಾಬುಗಳಲ್ಲಿ ಬಹುಕಾಲದಿಂದ ಸಾಕುವ ಮಾನವ ಕ್ಯಾನ್ಸರ್ ಕೋಶ. ಸರಿಯಾಗಿ ಸಾಕಿದರೆ ಸುಮಾರು ಒಂದು ದಿನಕ್ಕೊಮ್ಮೆ ಎರಡಾಗುತ್ತದೆ, ವಿಭಜನೆಯ ಘಟ್ಟ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮೈಟೋಕಾಂಡ್ರಿಯಾಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನ್ ಅಂಟಿಸಿದ್ದೆ. 1962ರಲ್ಲಿ ಒಸಾಮು ಶಿಮೊಮುರಾ ಜೆಲ್ಲಿಮೀನಿನಿಂದ ಬೇರ್ಪಡಿಸಿದ, 2008ರಲ್ಲಿ ನೊಬೆಲ್ ತಂದುಕೊಟ್ಟ ಅದೇ ಜಿಎಫ್‌ಪಿ. ಡಿಎನ್ಎಗೆ ಕಡುಕೆಂಪಿನಲ್ಲಿ ಹೊಳೆಯುವ ಡೈ. ನೀಲಿಯಲ್ಲಿ ಹೊಳೆಯುವ ಹೆಕ್ಸ್ಟ್ ಎಂಬ ಡೈ ಅಗ್ಗ, ನಿಜ. ಆದರೆ ಅದನ್ನು ಬೆಳಗಿಸಲು ನೇರಳೆ ಬೆಳಕು ಬೇಕು, ಅದು ಡಿಎನ್ಎಯನ್ನೇ ಕೆಡಿಸುತ್ತದೆ. ಕಡುಕೆಂಪು ಡೈ ಕೂಡ ಸಾಧು ಪ್ರಾಣಿ ಅಲ್ಲ. ಜಾಸ್ತಿ ಹಾಕಿದರೆ ಕೋಶ ವಿಭಜನೆಗೇ ಇಳಿಯುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವಷ್ಟು ಮಾತ್ರ ಹಾಕುತ್ತೇನೆ, ಚೆಂದ ಕಾಣುವಷ್ಟು ಅಲ್ಲ.

ಈ ಪ್ರಶ್ನೆಯಲ್ಲಿ ಒಂದು ತೊಡಕು ಇತ್ತು. ಸಾಮಾನ್ಯ ಸಮಯದಲ್ಲಿ ಹೀಲಾ ಕೋಶದ ಮೈಟೋಕಾಂಡ್ರಿಯಾ ಉದ್ದುದ್ದ ಎಳೆಗಳಾಗಿ, ಕೆಲವು ಕಡೆ ಬಲೆಯಾಗಿ ಹರಡಿರುತ್ತವೆ. ವಿಭಜನೆ ಶುರುವಾದಾಗ ಆ ಎಳೆಗಳು ತುಂಡುತುಂಡಾಗುತ್ತವೆ, ಎರಡೂ ಮರಿಕೋಶಗಳಿಗೆ ಪಾಲು ಸಿಗಲು ಅದು ಅನುಕೂಲ. ಇನ್ನೊಂದು ಕಡೆ, ಬೆಳಕಿನ ಹೊಡೆತ ತಿಂದ ಕೋಶದಲ್ಲೂ ಎಳೆಗಳು ತುಂಡಾಗಿ ಪುಟ್ಟ ಗುಂಡುಗಳಾಗುತ್ತವೆ. ಅಂದರೆ ನಾನು ನೋಡಬೇಕಾದ ಘಟನೆ, ನಾನು ನೋಡುವುದರಿಂದ ಆಗುವ ಹಾನಿ, ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಸುಮ್ನೆ ಸುಂದರ ವಿಡಿಯೊ ಮಾಡಿದರೆ ಯಾವುದು ಯಾವುದೆಂದು ಹೇಳಲು ಆಗುವುದೇ ಇಲ್ಲ. ಇಡೀ ಪ್ರಯೋಗವನ್ನು ಈ ಒಂದು ವಿಷಯದ ಸುತ್ತಲೇ ಕಟ್ಟಿದೆ.

ಮೊದಲು ಕೋಶದ ಮನೆ. ತಳದಲ್ಲಿ ಗಾಜು ಇರುವ ಡಿಶ್ ಬೇಕು, ಗಾಜಿನ ದಪ್ಪ 0.17 ಮಿಲಿಮೀಟರ್. ಒಳ್ಳೆಯ ಲೆನ್ಸುಗಳನ್ನು ಆ ದಪ್ಪಕ್ಕೆ ಹೊಂದುವಂತೆ ಮಾಡಿರುತ್ತಾರೆ. ಪ್ಲಾಸ್ಟಿಕ್ ತಳದ ಸಾಮಾನ್ಯ ಡಿಶ್‌ನಲ್ಲಿ ಎಷ್ಟೇ ಫೋಕಸ್ ತಿರುಗಿಸಿದರೂ ಚಿತ್ರ ಮಂಜಾಗಿಯೇ ಇರುತ್ತದೆ. ಉಷ್ಣತೆ 37 ಡಿಗ್ರಿ, ಗಾಳಿಯಲ್ಲಿ 5% ಕಾರ್ಬನ್ ಡೈಆಕ್ಸೈಡ್, ಜೊತೆಗೆ ತೇವ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ಬೈಕಾರ್ಬೊನೇಟ್ ಇರುವ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಕ್ಷಾರವಾಗುತ್ತದೆ. ಅದರಲ್ಲಿ ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಇದ್ದರೆ ಗುಲಾಬಿಗೆ ತಿರುಗಿ ಅದೇ ಹೇಳಿಬಿಡುತ್ತದೆ. ಆದರೆ ಫೀನಾಲ್ ರೆಡ್ ಚಿತ್ರದ ಹಿನ್ನೆಲೆಗೆ ಮಬ್ಬು ಸೇರಿಸುತ್ತದೆ. ಮೀಡಿಯಾದಲ್ಲಿರುವ ರೈಬೊಫ್ಲೇವಿನ್ (ಬಿ2 ವಿಟಮಿನ್) ಇನ್ನೂ ತಂಟೆಕೋರ: ನೀಲಿ ಬೆಳಕು ಬಿದ್ದರೆ ತಾನೂ ಹಸಿರಾಗಿ ಹೊಳೆಯುತ್ತದೆ, ಜೊತೆಗೆ ಕೋಶಕ್ಕೆ ವಿಷವಾಗುವ ಆಕ್ಸಿಜನ್ ಕಣಗಳನ್ನೂ ಹುಟ್ಟಿಸುತ್ತದೆ. ಅದಕ್ಕೇ ಚಿತ್ರ ತೆಗೆಯುವ ಹೊತ್ತಿಗೆ ಎರಡೂ ಇಲ್ಲದ ಮೀಡಿಯಾ ಹಾಕುತ್ತೇನೆ. ಬಣ್ಣದ ಗುರುತು ಹೋಯಿತಲ್ಲ, ಅದಕ್ಕೆ ಪಕ್ಕದಲ್ಲಿ ಫೀನಾಲ್ ರೆಡ್ ಇರುವ ಇನ್ನೊಂದು ಚಿಕ್ಕ ಡಿಶ್ ಇಡುತ್ತೇನೆ.

ಉಷ್ಣತೆಯ ವಿಷಯದಲ್ಲಿ ಪರದೆಯ ಮೇಲಿನ ಅಂಕಿಯನ್ನು ನಂಬುವುದಿಲ್ಲ. ಹೀಟರ್ 37 ಅಂತ ತೋರಿಸುತ್ತದೆ, ಅದು ಹೀಟರ್ ಇರುವ ಜಾಗದ ಲೆಕ್ಕ. ಎಣ್ಣೆಯ ಅಥವಾ ನೀರಿನ ಹನಿಯಲ್ಲಿ ಮುಳುಗುವ ಲೆನ್ಸ್ ಆ ಹನಿಯ ಮೂಲಕ ಗಾಜಿಗೆ ತಾಗಿಯೇ ಕೂತಿರುತ್ತದೆ. ಅದೊಂದು ದೊಡ್ಡ ಲೋಹದ ತುಂಡು, ತಣ್ಣಗಿದ್ದರೆ ನಾವು ನೋಡುವ ಕೋಶದಿಂದಲೇ ಶಾಖ ಎಳೆದುಕೊಳ್ಳುತ್ತದೆ. ತೆಳು ತಂತಿಯ ಥರ್ಮೋಕಪಲ್ಲನ್ನು ಲೆನ್ಸಿನ ನೇರ ಮೇಲೆ ಮೀಡಿಯಾದಲ್ಲಿ ಇಳಿಸಿ ಅಳೆದರೆ ನಿಜ ಗೊತ್ತಾಗುತ್ತದೆ. ಲೆನ್ಸಿಗೂ ಹೀಟರ್ ಸುತ್ತಿ, ಇಡೀ ಮೈಕ್ರೋಸ್ಕೋಪನ್ನು ಹಿಂದಿನ ರಾತ್ರಿಯೇ ಬಿಸಿಗೆ ಹಾಕಿಡುತ್ತೇನೆ. ಲೋಹ ಬಿಸಿಯಾಗುತ್ತಾ ಹಿಗ್ಗುತ್ತದೆ, ಹಿಗ್ಗಿದಷ್ಟೂ ಫೋಕಸ್ ಜಾರುತ್ತದೆ. ಜಾರುವುದನ್ನು ಹಿಡಿಯಲು ಈಗಿನ ಯಂತ್ರಗಳಲ್ಲಿ ಇನ್ಫ್ರಾರೆಡ್ ವ್ಯವಸ್ಥೆ ಇದೆ. ಗಾಜು ಮತ್ತು ನೀರು ಸೇರುವ ಗಡಿಯಿಂದ ತಿರುಗಿ ಬರುವ ಬೆಳಕನ್ನು ನೋಡಿ ದೂರ ಸರಿಪಡಿಸಿಕೊಳ್ಳುತ್ತದೆ. ಅದು ಇದ್ದರೂ ರಾತ್ರಿಯೇ ಬಿಸಿ ಮಾಡುವುದನ್ನು ನಾನು ಬಿಟ್ಟಿಲ್ಲ.

ಯಾವ ಲೆನ್ಸ್ ಅನ್ನುವುದಕ್ಕೂ ಸ್ವಲ್ಪ ತಲೆ ಕೆಡಿಸಿಕೊಂಡೆ. 1.4 ಎನ್ಎಯ (ಎನ್ಎ ಅಂದರೆ ಲೆನ್ಸ್ ಬೆಳಕು ಹಿಡಿಯುವ ಸಾಮರ್ಥ್ಯದ ಅಳತೆ) ಎಣ್ಣೆ ಲೆನ್ಸ್ ಗಾಜಿಗೆ ಅಂಟಿರುವ ಚಪ್ಪಟೆ ಕೋಶಕ್ಕೆ ಅದ್ಭುತ. ಆದರೆ ವಿಭಜನೆಗೆ ಇಳಿದ ಕೋಶ ಗುಂಡಗೆ ಎದ್ದು ನಿಲ್ಲುತ್ತದೆ, ಎತ್ತರ ಸುಮಾರು 20 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತಲುಪಬಹುದು. ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.52ರ ಹತ್ತಿರ, ನೀರಿನದು 1.33. ಈ ವ್ಯತ್ಯಾಸದಿಂದ ಮೇಲೆ ಹೋದಷ್ಟೂ ಚಿತ್ರ ಕದಡುತ್ತದೆ. ನೀರಿನ ಲೆನ್ಸ್ ಈ ತೊಂದರೆ ಕೊಡುವುದಿಲ್ಲ, ಆದರೆ 37 ಡಿಗ್ರಿಯಲ್ಲಿ ಆ ನೀರಿನ ಹನಿ ಬೆಳಗಿನವರೆಗೆ ಉಳಿಯಬೇಕಲ್ಲ! ಕೊನೆಗೆ ಸಿಲಿಕೋನ್ ಎಣ್ಣೆಯ ಲೆನ್ಸಿಗೆ ಬಂದು ನಿಂತೆ. ಅದರ ಸೂಚ್ಯಂಕ 1.40, ಕೋಶದ ಒಳಗಿನದಕ್ಕೆ ಹತ್ತಿರ, ಒಣಗುವುದೂ ಇಲ್ಲ.

ಇನ್ನು ಬೆಳಕು. ಒಂದು ಕೋಶ ತಡೆದುಕೊಳ್ಳುವ ಬೆಳಕಿಗೆ ಮಿತಿ ಇದೆ. ಅದನ್ನು ನಾನು ತಿಂಗಳ ಸಂಬಳದ ಹಾಗೆ ನೋಡುತ್ತೇನೆ. ಚುರುಕಾದ ಚಿತ್ರಕ್ಕೆ ಖರ್ಚು ಮಾಡಿದರೆ ಹೆಚ್ಚು ಹೊತ್ತು ನೋಡಲು ಉಳಿಯುವುದಿಲ್ಲ. ಹೆಚ್ಚು ಪದರ (ಬೇರೆ ಬೇರೆ ಎತ್ತರದಲ್ಲಿ ತೆಗೆದ ಚಿತ್ರಗಳು) ಬೇಕೆಂದರೆ ಕಡಿಮೆ ಸಲ ನೋಡಬೇಕು. ಎಲ್ಲವೂ ಬೇಕು ಅಂದರೆ ಸಾಲ, ಆ ಸಾಲ ತೀರಿಸುವುದು ಕೋಶ.

ಆ ಲೆಕ್ಕ ಹಾಕಬೇಕಾದರೆ ನಿಜಕ್ಕೂ ಎಷ್ಟು ಬೆಳಕು ಹೋಗುತ್ತಿದೆ ಎಂದು ಗೊತ್ತಿರಬೇಕು. ಸಾಫ್ಟ್‌ವೇರ್‌ನಲ್ಲಿ ಲೇಸರ್ 30% ಎಂದಿರುತ್ತದೆ. ಯಾವುದರ 30? ಒಂದೊಂದು ಯಂತ್ರದಲ್ಲಿ ಒಂದೊಂದು ಅರ್ಥ, ಅದೇ ಯಂತ್ರದಲ್ಲೂ ಲೇಸರ್ ಹಳತಾದಂತೆ ಬದಲಾಗುತ್ತದೆ. ಪವರ್ ಮೀಟರನ್ನು ಲೆನ್ಸಿನ ಬಾಯಿಗೆ ಇಟ್ಟು ಮಿಲಿವ್ಯಾಟ್‌ನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಇನ್ನೊಂದು ಸೋರಿಕೆ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಕ್ಯಾಮೆರಾ 100 ಮಿಲಿಸೆಕೆಂಡ್ ತೆರೆದಿರಲಿ ಎಂದು ಹೇಳುತ್ತೇವೆ. ಆದರೆ ಕಂಪ್ಯೂಟರ್ ಮೊದಲು ಬೆಳಕನ್ನು ಹೊತ್ತಿಸಿ, ಆಮೇಲೆ ಕ್ಯಾಮೆರಾಗೆ ಹೇಳಿ, ಅದು ಮುಗಿದ ಮೇಲೆ ಬೆಳಕನ್ನು ಆರಿಸುತ್ತದೆ. ಈ ಹಿಂದುಮುಂದಿನ ಹೊತ್ತಿನಲ್ಲಿ ಕೋಶದ ಮೇಲೆ ಬೆಳಕು ಬೀಳುತ್ತಲೇ ಇರುತ್ತದೆ, ಚಿತ್ರಕ್ಕೆ ಮಾತ್ರ ಏನೂ ಸಿಗುವುದಿಲ್ಲ. ಕ್ಯಾಮೆರಾದಿಂದ ಲೇಸರಿಗೆ ನೇರ ಟಿಟಿಎಲ್ ವೈರ್ (ಆನ್-ಆಫ್ ಸಂಕೇತ ಒಯ್ಯುವ ತಂತಿ) ಎಳೆದರೆ ಕ್ಯಾಮೆರಾ ತೆರೆದಿರುವಾಗ ಮಾತ್ರ ಲೇಸರ್ ಉರಿಯುತ್ತದೆ. ಒಂದು ಕೇಬಲ್, ಅಷ್ಟೇ. ದುಬಾರಿ ಕ್ಯಾಮೆರಾ ಕೊಳ್ಳುವ ಮೊದಲು ಇದನ್ನು ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಸಾಮಾನ್ಯವಾಗಿ ಜೋರು ಬೆಳಕಿನಲ್ಲಿ ಚಿಕ್ಕ ಎಕ್ಸ್‌ಪೋಶರ್‌ಗಿಂತ ಮಂದ ಬೆಳಕಿನಲ್ಲಿ ದೊಡ್ಡ ಎಕ್ಸ್‌ಪೋಶರ್ ಕೋಶಕ್ಕೆ ಹಿತ. ಸ್ಪಿನ್ನಿಂಗ್ ಡಿಸ್ಕ್ ಬಳಸಿದ್ದು ಅದಕ್ಕೇ. ಅದರಲ್ಲಿ ತಿರುಗುವ ತಟ್ಟೆಯ ಸಾವಿರಾರು ಸಣ್ಣ ರಂಧ್ರಗಳ ಮೂಲಕ ಬೆಳಕು ಹಂಚಿಹೋಗುತ್ತದೆ, ಒಂದೇ ಬಿಂದುವಿಗೆ ಎಲ್ಲವೂ ಬಡಿಯುವುದಿಲ್ಲ. ಆದರೂ ರಾತ್ರಿಯಿಡೀ ಹಸಿರು ಚಿತ್ರ ತೆಗೆಯುತ್ತಾ ಕೂರುವುದು ವ್ಯರ್ಥ, ಯಾಕೆಂದರೆ ಯಾವ ಕೋಶ ಯಾವಾಗ ವಿಭಜನೆಗೆ ಇಳಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಔಷಧಿ ಹಾಕಿ ಎಲ್ಲ ಕೋಶಗಳನ್ನೂ ಒಂದೇ ಘಟ್ಟದಲ್ಲಿ ನಿಲ್ಲಿಸಿ ಒಟ್ಟಿಗೆ ಬಿಡುವ ದಾರಿ ಇದೆ. ನನಗೆ ಅದು ಹಿಡಿಸುವುದಿಲ್ಲ. ಕೆಣಕದೆ ನೋಡಬೇಕು ಅನ್ನುವವರು ಮೊದಲೇ ಕೆಣಕಿದ ಹಾಗಾಗುತ್ತದೆ, ಅಲ್ವಾ?

ಅದರ ಬದಲು ಕೆಂಪು ಫಿಲ್ಟರ್ ಹಾಕಿದ ಸಾಧಾರಣ ದೀಪದಲ್ಲಿ, ಫೇಸ್ ಕಾಂಟ್ರಾಸ್ಟ್‌ನಲ್ಲಿ ಕಾವಲು ಕಾಯುತ್ತೇನೆ. ಫ್ರಿಟ್ಸ್ ಜೆರ್ನಿಕೆಗೆ 1953ರಲ್ಲಿ ನೊಬೆಲ್ ತಂದ ಈ ಹಳೆಯ ವಿಧಾನ ಪಾರದರ್ಶಕ ಕೋಶವನ್ನೂ ಕಾಣಿಸುತ್ತದೆ, ಅದಕ್ಕೆ ಡೈ ಬೇಡ, ಲೇಸರ್ ಬೇಡ. ಕೋಶ ಗುಂಡಗಾಗತೊಡಗಿದರೆ ಅದರ ಅಂಚು ಥಟ್ಟನೆ ಹೊಳೆಯುತ್ತದೆ. ಚಿಕ್ಕದೊಂದು ಸ್ಕ್ರಿಪ್ಟ್ ಆ ಹೊಳಪನ್ನು ಗುರುತಿಸಿ, ಆ ಕೋಶದ ಮೇಲೆ ಮಾತ್ರ ಲೇಸರ್ ಶುರು ಮಾಡುತ್ತದೆ. 2 ನಿಮಿಷಕ್ಕೊಮ್ಮೆ, 1 ಮೈಕ್ರಾನ್ ಅಂತರದ 20 ಪದರ, ಎರಡು ಬಣ್ಣ, 90 ನಿಮಿಷ. ಕ್ಯಾಮೆರಾದ ಒಂದು ಚಿತ್ರ 8 ಎಂಬಿ, ಅಂದರೆ ಒಂದು ವಿಭಜನೆಗೆ 14 ಜಿಬಿಯಷ್ಟು ಡೇಟಾ. ಪದರಗಳನ್ನು ಇನ್ನೂ ಹತ್ತಿರ ತೆಗೆದಿದ್ದರೆ ಎಳೆಗಳು ಚೆನ್ನಾಗಿ ಕಾಣುತ್ತಿದ್ದವು. ತುಂಡಾದವೋ ಇಲ್ಲವೋ ಎಂದು ತಿಳಿಯಲು ಇಷ್ಟು ಸಾಕು.

ಈಗ ಆ ತೊಡಕಿಗೆ ಬರುತ್ತೇನೆ. ಕಂಡದ್ದು ವಿಭಜನೆಯೋ ಬೆಳಕಿನ ಪೆಟ್ಟೋ? ಅದನ್ನು ಹೇಳಿದ್ದು ಪಕ್ಕದ ಕೋಶಗಳು. ಅದೇ ಚೌಕಟ್ಟಿನಲ್ಲಿ, ಅದೇ ಲೇಸರಿನ ಕೆಳಗೆ, ವಿಭಜನೆಗೆ ಇಳಿಯದ ಕೋಶಗಳೂ ಇರುತ್ತವೆ. ಅವುಗಳಲ್ಲಿ ಎಳೆಗಳು ಎಳೆಗಳಾಗಿಯೇ ಉಳಿದು, ಗುಂಡಗಾದ ಕೋಶದಲ್ಲಿ ಮಾತ್ರ ತುಂಡಾದರೆ ನಂಬಬಹುದು. ಪಕ್ಕದವೂ ಗುಂಡುಗುಂಡಾಗಿದ್ದರೆ ಆ ವಿಡಿಯೊ ಎಷ್ಟೇ ಚೆಂದ ಇದ್ದರೂ ಕಸದ ಬುಟ್ಟಿಗೆ. ಎರಡನೆಯ ಪರೀಕ್ಷೆ ಸಮಯದ್ದು. ಲೇಸರ್ ತಾಗದ ಕೋಶಗಳು ಗುಂಡಗಾದಾಗಿನಿಂದ ಎರಡಾಗುವವರೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂದು ಫೇಸ್ ಕಾಂಟ್ರಾಸ್ಟ್‌ನಲ್ಲೇ ಅಳೆದಿದ್ದೆ. ಲೇಸರ್ ತಾಗಿದವೂ ಅಷ್ಟೇ ಹೊತ್ತಿನಲ್ಲಿ ಮುಗಿಸಬೇಕು. ತಡವಾದರೆ ಬೆಳಕು ಜಾಸ್ತಿಯಾಗಿದೆ ಎಂದು ಅರ್ಥ, ಬಣ್ಣ ಒಂದಿಷ್ಟೂ ಮಾಸಿರದಿದ್ದರೂ ಸರಿ. ಬಣ್ಣ ಮಾಸಿಲ್ಲ ಅಂದರೆ ಕೋಶಕ್ಕೆ ಏನೂ ಆಗಿಲ್ಲ ಎಂದು ನಂಬುವವರು ಬಹಳ. ಮಾಸುವುದು ಡೈ, ನೋಯುವುದು ಕೋಶ. ಎರಡೂ ಒಟ್ಟಿಗೇ ಆಗಬೇಕೆಂದಿಲ್ಲ.

ಮೂರನೆಯದು, ಬೆಳಕೇ ಕಾಣದ ಡಿಶ್ ಒಂದನ್ನು ಅದೇ ಹೊತ್ತಿಗೆ ಫಿಕ್ಸ್ ಮಾಡಿ ಹೋಲಿಸುವುದು. ಇಲ್ಲಿ ಫಿಕ್ಸ್ ಮಾಡುವ ದ್ರವವನ್ನು 37 ಡಿಗ್ರಿಗೆ ಬಿಸಿ ಮಾಡಿಯೇ ಹಾಕಬೇಕು. ತಣ್ಣನೆಯದು ಸುರಿದರೆ ಆ ಪೆಟ್ಟಿಗೂ ಎಳೆಗಳ ಆಕಾರ ಕೆಡಬಹುದು.

ಬೆಳಕು ಇಳಿಸುತ್ತಾ ಹೋದೆ. ಪಕ್ಕದ ಕೋಶಗಳು ನೆಮ್ಮದಿಯಾಗಿದ್ದು, ಸಮಯವೂ ಹೊಂದುವ ಮಟ್ಟಕ್ಕೆ ಬಂದಾಗ ಚಿತ್ರಗಳು ನೋಡಲು ಕಾಳುಕಾಳಾಗಿದ್ದವು. ಸಭೆಯಲ್ಲಿ ತೋರಿಸಿದರೆ ಯಾರೂ ವಾಹ್ ಅನ್ನುವುದಿಲ್ಲ. ಆದರೆ ತುಂಡಾಗುವುದು, ಎರಡೂ ಕಡೆಗೆ ಹಂಚಿಹೋಗುವುದು, ಆಮೇಲೆ ಮರಿಕೋಶಗಳು ಮತ್ತೆ ಚಪ್ಪಟೆಯಾದಾಗ ತುಂಡುಗಳು ಕೂಡಿ ಎಳೆಯಾಗುವುದು, ಎಲ್ಲವೂ ಅದರಲ್ಲಿತ್ತು. ಮತ್ತೆ ಕೂಡಿಕೊಳ್ಳುವುದೇ ನನಗೆ ದೊಡ್ಡ ಸಾಕ್ಷಿ. ಬೆಳಕಿನಿಂದ ಜೋರಾಗಿ ಕೆಟ್ಟ ಕೋಶದಲ್ಲಿ ಅದು ಕಾಣಸಿಗುವುದಿಲ್ಲ.

ಇದೆಲ್ಲ ಕೋಶದ ತಾಪತ್ರಯ, ಜಡವಸ್ತುವಿಗೆ ಏನು ತೊಂದರೆ ಎಂದು ಅನಿಸಬಹುದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಬೆಳ್ಳಿಯ ನ್ಯಾನೊಕಣ ಬೆಳೆಯುವುದನ್ನು ದ್ರವದಲ್ಲೇ ನೋಡುವ ಕೆಲಸಕ್ಕೆ ಜೊತೆಯಾದಾಗ ಅಲ್ಲೂ ಇದೇ ಪಾಡು ಕಂಡೆ. ಯಂತ್ರದೊಳಗೆ ನಿರ್ವಾತ, ಹಾಗಾಗಿ ಬೆಳ್ಳಿ ನೈಟ್ರೇಟ್ ದ್ರಾವಣವನ್ನು ಎರಡು ಸಿಲಿಕಾನ್ ನೈಟ್ರೈಡ್ ಕಿಟಕಿಗಳ ನಡುವೆ ಮುಚ್ಚಿಡಬೇಕು. ಒಂದೊಂದು ಕಿಟಕಿಯ ದಪ್ಪ ಕೆಲವು ಹತ್ತು ನ್ಯಾನೊಮೀಟರ್ ಅಷ್ಟೇ. ಎಲೆಕ್ಟ್ರಾನ್ ಕಿರಣ ಬಿದ್ದ ಕೂಡಲೇ ಕಣಗಳು ಹುಟ್ಟಿ ಬೆಳೆಯತೊಡಗುತ್ತವೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಬೆಳೆಸುತ್ತಿರುವುದು ಕಿರಣವೇ! ಅದು ನೀರನ್ನು ಒಡೆಯುತ್ತದೆ, ಆಗ ಬಿಡುಗಡೆಯಾದ ಎಲೆಕ್ಟ್ರಾನುಗಳು ಬೆಳ್ಳಿಯ ಅಯಾನುಗಳನ್ನು ಲೋಹವಾಗಿಸುತ್ತವೆ. ಕಿರಣ ಇನ್ನೂ ಜೋರಾದರೆ ಹೈಡ್ರೋಜನ್ ಗುಳ್ಳೆ ಎದ್ದು ದ್ರವವನ್ನೇ ತಳ್ಳಿಬಿಡುತ್ತದೆ.

ಪರೀಕ್ಷೆಯೂ ಹೆಚ್ಚುಕಡಿಮೆ ಅದೇ. ಕಿರಣದ ಪ್ರಮಾಣ ಬದಲಿಸಿ, ಬೆಳವಣಿಗೆಯ ವೇಗವೂ ಅದರ ಜೊತೆ ಏರಿಳಿದರೆ ಕಾರಣ ಕಿರಣ. ಕೊನೆಗೆ ಕಿರಣ ಮುಟ್ಟದ ಮೂಲೆಗೆ ಹೋಗಿ ಒಂದೇ ಒಂದು ಚಿತ್ರ ತೆಗೆಯಿರಿ. ಅಲ್ಲಿ ಕಣಗಳಿಲ್ಲ ಅಂದರೆ ಉತ್ತರ ಸಿಕ್ಕಿತು. ಕಿರಣದಿಂದ ಆದ ಬೆಳವಣಿಗೆ ಎಂದು ಒಪ್ಪಿಕೊಂಡು ಅದನ್ನೇ ಅಧ್ಯಯನ ಮಾಡಿದರೆ ಅದೂ ಒಳ್ಳೆಯ ವಿಜ್ಞಾನವೇ. ಪಾತ್ರೆಯಲ್ಲಿ ತಾನಾಗಿ ಹೀಗೇ ಬೆಳೆಯುತ್ತದೆ ಎಂದು ಬರೆದರೆ ಅಲ್ಲ.

ಚಿತ್ರಗಳು ಕೈಗೆ ಬಂದ ಮೇಲೆ ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತೇನೆ, ಮೂಲ ಫೈಲನ್ನು ಮುಟ್ಟುವುದಿಲ್ಲ. ಕಾಳುಕಾಳು ಚಿತ್ರವನ್ನು ನುಣುಪು ಮಾಡುವ ನ್ಯೂರಲ್ ನೆಟ್‌ವರ್ಕ್‌ಗಳು ಈಗ ಸಿಗುತ್ತವೆ, ನಾನೂ ಬಳಸುತ್ತೇನೆ. ಬೆಳಕು ಉಳಿಸಲು ಅವು ನಿಜಕ್ಕೂ ಸಹಾಯ. ಎಚ್ಚರ ಇರಬೇಕಾದದ್ದು ನನ್ನಂಥ ಪ್ರಶ್ನೆ ಇದ್ದಾಗ. ಉದ್ದ ಎಳೆಗಳ ಚಿತ್ರ ತೋರಿಸಿ ಕಲಿಸಿದ ನೆಟ್‌ವರ್ಕ್, ಎರಡು ತುಂಡುಗಳ ನಡುವಿನ ಸಣ್ಣ ಖಾಲಿ ಜಾಗವನ್ನು ಗದ್ದಲ (ಚಿತ್ರದ ಕಾಳುಕಾಳು) ಎಂದುಕೊಂಡು ತುಂಬಿಬಿಡಬಹುದು. ಹಾಗಾಗಿ ತುಂಡುಗಳನ್ನು ಎಣಿಸುವುದು ಮೂಲ ಚಿತ್ರದ ಮೇಲೆಯೇ. ನುಣುಪು ಮಾಡಿದ್ದನ್ನು ಕೋಶದ ಗಡಿ ಹುಡುಕಲು ಮಾತ್ರ ಬಳಸುತ್ತೇನೆ. ಲೆನ್ಸಿನ ಬಾಯಲ್ಲಿ ಅಳೆದ ಮಿಲಿವ್ಯಾಟ್, ಎಕ್ಸ್‌ಪೋಶರ್, ಪದರಗಳ ಅಂತರ, ಇವನ್ನು ಪ್ರತಿ ಫೋಲ್ಡರ್‌ನಲ್ಲೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಹಾಕಿಡುತ್ತೇನೆ, ಇನ್ನೊಬ್ಬರು ಬೇರೆ ಮೈಕ್ರೋಸ್ಕೋಪಿನಲ್ಲಿ ಅಷ್ಟೇ ಬೆಳಕು ಕೊಟ್ಟು ಮಾಡಿ ನೋಡಲು ಅಷ್ಟಾದರೂ ಬೇಕು.